ಹೊಂಟವನ ಕೈಗೆ ಕೊಟ್ಟ ಪೊಟ್ಟಣ

ನಮ್ಮ ಕಡೆ ಯಾರಾದರೂ ಪರ ಊರಿಗೆ ಹೊಂಟರೆ ಬರಿಗೈಲೆ ಕಳಿಸುವ ರೂಢಿ ಇಲ್ಲ. ಬುತ್ತಿ ಕಟ್ಟಿ ಕೊಡುತ್ತೇವೆ ಅಂತ ತಿಳಿಯಬೇಡಿ, ನಮ್ಮ ಕೆಲಸ ಕಟ್ಟಿ ಕೊಡುತ್ತೇವೆ. “ಹೆಂಗೂ ಹೊಂಟೀಯಲ್ಲ, ಇದೊಂದು ಅವರಿಗೆ ಮುಟ್ಟಿಸಿ ಬಾ.” ಹೊಲಿಸಿದ ಕುಬಸ ಇರಬಹುದು, ಒಂದು ಗಂಟು ಮೆಣಸಿನಕಾಯಿ ಇರಬಹುದು, ಕನ್ಯಾ ನೋಡಲು ಬರುತ್ತೇವೆ ಅನ್ನುವ ಸುದ್ದಿ ಇರಬಹುದು. ಕೊಡುವವರಿಗೆ ಸಂಕೋಚ ಇಲ್ಲ, ಒಯ್ಯುವವರಿಗೆ ಬೇಸರ ಇಲ್ಲ. ಈ ರೂಢಿಯ ಬಗ್ಗೆ ಕಾಯ್ದೆಗೂ ಒಂದು ಅಭಿಪ್ರಾಯ ಇದೆ ಅನ್ನುವುದು ನನಗೆ ಹುಬ್ಬಳ್ಳಿಯಲ್ಲಿ ಗೊತ್ತಾಯಿತು.

ಎಂಬತ್ತರ ದಶಕದ ನಡುಗಾಲ. ನಾನು ಕಲಘಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಪಶು ಇಲಾಖೆಯ ಸ್ಟಾಕ್‌ಮನ್. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವ. ಆದರೆ ಡಾಕ್ಟರು ತಾಲೂಕಿನಲ್ಲಿ ಇರುತ್ತಿದ್ದರು, ಎಮ್ಮೆಗಳು ಹಳ್ಳಿಯಲ್ಲಿ ಇರುತ್ತಿದ್ದವು, ಹೀಗಾಗಿ ಜನರ ಬಾಯಲ್ಲಿ ನಾನೇ “ಡಾಕ್ಟರ್ರ”. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟಿದ್ದೆ. ಹತ್ತು ಹನ್ನೊಂದು ಹಳ್ಳಿ ನನ್ನ ಪಾಲಿಗೆ. ಬೆದೆಗೆ ಬಂದ ಎಮ್ಮೆ ಬಸ್ಸಿನ ಟೈಮಿಗೆ ಕಾಯುವುದಿಲ್ಲ. ಮುಂಜಾನೆ ಒದರಿದ ಎಮ್ಮೆಗೆ ಸಂಜೆಯೊಳಗೆ ಹೋಗಿ ಗರ್ಭ ಕಟ್ಟಿಸದಿದ್ದರೆ ರೈತನಿಗೆ ಮತ್ತೆ ಮೂರು ವಾರ ದಂಡ, ಬೈಗಳ ನನಗೆ. ಅದಕ್ಕೇ ಹೊಟ್ಟೆ ಬಟ್ಟೆ ಕಟ್ಟಿ ಒಂದು ಹಳೇ ಫಟಫಟಿ ಕೊಂಡಿದ್ದೆ. ಹಿಂದಿನ ಸೀಟಿಗೆ ವೀರ್ಯದ ಕಡ್ಡಿಗಳನ್ನು ತಂಪಿನಲ್ಲಿಡುವ ಕ್ಯಾನು ಬಿಗಿದು ಹೊಂಟೆನೆಂದರೆ ಊರೂರಿನ ನಾಯಿಗಳಿಗೂ ನನ್ನ ಗುರುತು.

ನನ್ನ ಕೆಲಸಕ್ಕೆ ಇನ್ನೊಬ್ಬರು ಬೇಕೇ ಬೇಕಾಗಿದ್ದರು. ಎತ್ತಿನ ಗೊರಸಿಗೆ ನಾಲ ಕಟ್ಟುವ ನಾಲಬಂದ ಚಾಚಾ. ಹೋರಿಯ ಬೀಜ ಒಡೆಯುವ ದಿನ ನಾನು ಇಕ್ಕಳ ಹಿಡಿದು ನಿಂತರೆ ಸಾಲದು, ಮೊದಲು ಹೋರಿ ನೆಲಕ್ಕೆ ಬೀಳಬೇಕು. ಚಾಚಾ ಹಗ್ಗವನ್ನು ಕೊರಳಿಗೆ ಒಂದು, ಎದೆಗೆ ಒಂದು, ಸೊಂಟಕ್ಕೆ ಒಂದು ಸುತ್ತು ಹಾಕಿ ಹಿಂದಿನಿಂದ ಜಗ್ಗುತ್ತಿದ್ದರು. ಎಂಥ ಮಸ್ತಿಯ ಹೋರಿಯೂ ಮೊಣಕಾಲೂರಿ ಮೆತ್ತಗೆ ಅಡ್ಡ ಬೀಳುತ್ತಿತ್ತು. ಆಮೇಲೆ ತಮ್ಮ ಮೊಣಕಾಲನ್ನು ಅದರ ಕೊರಳ ಮೇಲೆ ಊರಿ ಕೂತರೆ ಅಲ್ಲಾಡುವ ಮಾತಿಲ್ಲ. ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವರ ಅನ್ನ ಇದ್ದದ್ದು ಆ ಮೊಣಕಾಲಿನಲ್ಲಿ.

ಇನ್ನೊಬ್ಬ ನನ್ನ ದೋಸ್ತ, ಊರಿನ ಪ್ರಾಥಮಿಕ ಶಾಲೆಯ ಮಾಸ್ತರ. ನನ್ನ ಬಾಜು ಮನೆಯವ. ಗಾಡಿ ಹೊಡೆಯಲು ಕಲಿತದ್ದು ನನ್ನ ಫಟಫಟಿಯ ಮೇಲೆ, ಧಾರವಾಡಕ್ಕೆ ಹೋಗಿ ಲೈಸನ್ಸ್ ಮಾಡಿಸಿಕೊಂಡು ಬಂದು ನನಗೇ ಪೇಢೆ ತಿನ್ನಿಸಿದ್ದ. ಇವನಿಗೆ ಗಾಡಿ ಕೊಡುವುದಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಎಂದೂ ಬಂದಿರಲಿಲ್ಲ.

ಇನ್ನು ವಿಮೆಯ ಕಥೆ. ಗಾಡಿಯ ಕಾಗದ, ನನ್ನ ನೌಕರಿಯ ಆರ್ಡರು, ಎಲ್ಲ ಇದ್ದದ್ದು ಅವ್ವನ ಟ್ರಂಕಿನಲ್ಲಿ. ಆ ವರ್ಷ ನವರಾತ್ರಿಗೆ ಅವ್ವ ಒಂಬತ್ತು ದಿನದ ದೀಪ ಹಾಕಿದಳು. ದೇವರ ಜಗಲಿಯ ಗಿಲಾವು ಉದುರುತ್ತಿದೆ ಅಂತ ಹೇಳಿ ಘಟವನ್ನು ತಂದು ಆ ಟ್ರಂಕಿನ ಮೇಲೇ ಕೂಡಿಸಿಬಿಟ್ಟಳು. ಘಟ ಕೂತಮೇಲೆ ಒಂಬತ್ತು ದಿನ ಅದನ್ನು ಅಲುಗಿಸುವಂತಿಲ್ಲ. ವಿಮೆಯ ಅವಧಿ ಆ ಒಂಬತ್ತು ದಿನದ ನಡುವೆಯೇ ಮುಗಿಯುತ್ತಿತ್ತು. ನನಗೆ ಗೊತ್ತಿತ್ತು, ಸುಳ್ಳು ಯಾಕೆ ಹೇಳಲಿ. “ಅವ್ವಾ, ಒಂದು ಕಾಗದ ತಗೀಬೇಕಾಗಿತ್ತು” ಅಂದೆ. “ದೇವರನ್ನ ಎಬ್ಬಿಸಿ ಕಾಗದ ತಗೀತೀಯೇನು?” ಅಂದಳು. ಹಬ್ಬ ಮುಗೀಲಿ, ಹುಬ್ಬಳ್ಳಿಗೆ ಹೋಗಿ ಕಟ್ಟಿ ಬಂದರಾಯಿತು ಅಂತ ನಾನೂ ಬಿಟ್ಟೆ.

ಬನ್ನಿ ಹಬ್ಬದ ದಿನ ಮಧ್ಯಾಹ್ನ ಇಳಿದಮೇಲೆ ಮಾಸ್ತರ ಬಂದ. ಹೊಸ ಅಂಗಿ, ಜೇಬಿನಲ್ಲಿ ಬನ್ನಿ ಸೊಪ್ಪು.

“ಲೇ, ಗಾಡಿ ಕೊಡೋ. ದೇವಿಕೊಪ್ಪಕ್ಕ ಅಕ್ಕನ ಮನಿಗೆ ಹೋಗಿ ಬನ್ನಿ ಕೊಟ್ಟು ಬರ್ತೇನಿ. ದೀಪ ಹಚ್ಚೂದರಾಗ ಬಂದಬಿಡ್ತೇನಿ.”

“ಇನ್ಸೂರೆನ್ಸ್ ಮುಗದೈತಲೇ.”

“ಅದೇನು ಪೆಟ್ರೋಲೇನ, ಮುಗದ್ರ ಗಾಡಿ ನಿಲ್ಲಾಕ?”

ಇಬ್ಬರೂ ನಕ್ಕೆವು. ಕೀಲಿ ಕೊಟ್ಟೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಬೇರೆ ಇರುತ್ತಿತ್ತು. ಆ ಮುಂಜಾನೆ ನಾನು ತಂಬೂರು ಅನ್ನುವ ಹಳ್ಳಿಯಲ್ಲಿ ಕೆರೆಯ ಬಾಜು ಮನೆಯ ಒಂದು ಎಮ್ಮೆ ನೋಡಿ ಬಂದಿದ್ದೆ. ಕರು ಹಾಕಿ ಮೂರು ದಿನ ಆಗಿತ್ತು, ಮೇವು ಬಿಟ್ಟಿತ್ತು, ಮೆಲುಕು ನಿಂತಿತ್ತು. ಕೊಡಬೇಕಾದ ಪುಡಿ ನನ್ನ ಚೀಲದಲ್ಲಿ ಇರಲಿಲ್ಲ. “ಸಂಜೀಕ ಮುಟ್ಟಿಸ್ತೇನಿ” ಅಂತ ಮಾತು ಕೊಟ್ಟು ಬಂದಿದ್ದೆ. ಹಬ್ಬದ ಹೋಳಿಗೆ ತಿಂದ ಹೊಟ್ಟೆ, ಮತ್ತೆ ಅಷ್ಟು ದೂರ ಹೋಗಲು ಮೈ ಏಳಲೊಲ್ಲದು. ನಮ್ಮ ಪಶು ಕೇಂದ್ರದ ಕಪಾಟಿನಿಂದ ಪುಡಿ ತೆಗೆದು, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಮಾಸ್ತರನ ಕೈಯಲ್ಲಿಟ್ಟೆ.

“ಹೆಂಗೂ ದೇವಿಕೊಪ್ಪದ ತನಕ ಹೊಂಟೀಯಲ್ಲ, ಹಂಗ ತಂಬೂರಿಗೆ ಹೋಗಿ ಕೆರಿ ಬಾಜು ಮನ್ಯಾಗ ಇದನ್ನ ಕೊಟ್ಟು ಬಾ.”

“ಹೂನ ಬಿಡು” ಅಂದು ಪೊಟ್ಟಣವನ್ನು ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಹಾಕಿಕೊಂಡು ಹೋದ.

ಅಕ್ಕನ ಮನೆಯ ಕೆಲಸ ಮುಗಿಸಿ ತಂಬೂರಿನ ಹಾದಿ ಹಿಡಿದಾಗ ಹೊತ್ತು ಮುಳುಗುತ್ತಿತ್ತು. ಎದುರಿಗೆ ಹುಲ್ಲಿನ ಚಕ್ಕಡಿ. ಅದನ್ನು ತಪ್ಪಿಸಲು ಬದಿಗೆ ಎಳೆದ. ಬದಿಯಲ್ಲಿ ನಾಲಬಂದ ಚಾಚಾ ಹೆಗಲಿಗೆ ಚೀಲ ಹಾಕಿಕೊಂಡು ಬರುತ್ತಿದ್ದರು. ಗಾಡಿ ಅವರಿಗೆ ಬಡಿದು ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿಯಿತು. ಮಾಸ್ತರ ಓಡಿಹೋಗಲಿಲ್ಲ. ಹಾದಿಯಲ್ಲಿ ಬಂದ ಲಾರಿ ತಡೆದು ಚಾಚಾನನ್ನು ಎತ್ತಿ ಹಾಕಿಕೊಂಡು ಕಲಘಟಗಿಯ ದವಾಖಾನೆಗೆ ತಂದ. ಸುದ್ದಿ ತಿಳಿದು ನಾನು ಹೋದಾಗ ಅವನ ಹೊಸ ಅಂಗಿಯ ತೋಳೆಲ್ಲ ರಕ್ತ. ನನ್ನನ್ನು ಗೋಡೆಯ ಕಡೆ ಎಳೆದು ಕಿವಿಯಲ್ಲಿ ಹೇಳಿದ.

“ಪುಡಿ ಸುದ್ದಿ ಎತ್ತಬ್ಯಾಡ. ಸರಕಾರಿ ಔಷಧ ಖಾಸಗಿ ಮನಷ್ಯಾನ ಕೈಯಾಗ ಕಳಿಸಿದ್ದಿ ಅಂತ ನಿನ್ನ ನೌಕರಿಗೆ ಏನರ ತಂದಾರು. ಮಸಾಲಿ ಪುಡಿ, ಅಕ್ಕ ಕೊಟ್ಟಿದ್ದು ಅಂತ ಹೇಳೇನಿ. ತಂಬೂರಾಗೂ ನಮ್ಮ ಬೀಗರದಾರ, ಬನ್ನಿ ಕೊಡಾಕ ಹೊಂಟಿದ್ದೆ ಅಂತ ಹೇಳೇನಿ.”

ಅಂಥ ಹೊತ್ತಿನಲ್ಲೂ ನನ್ನ ನೌಕರಿಯ ಚಿಂತೆ ಮಾಡಿದನಲ್ಲ ಅಂತ ನನಗೆ ಕಣ್ಣೀರು ಬಂತು. ಹೂಂ ಅಂದೆ.

ಮರುದಿನ ಪೊಲೀಸರು ಜಾಗದ ಪಂಚನಾಮೆ ಮಾಡಿದರು. ಗಾಡಿಯ ಮಾಲಕ ಅಂತ ನನ್ನನ್ನೂ ಕರೆದಿದ್ದರು. ಬ್ರೇಕಿನ ಗೆರೆ ಎಷ್ಟು ಹೆಜ್ಜೆ, ಹಾದಿಯ ಅಗಲ ಎಷ್ಟು, ಒಡೆದ ದೀಪದ ಗಾಜು ಎಲ್ಲಿ, ಒಂದೊಂದಾಗಿ ಬರೆಸಿದರು. ಮಣ್ಣಿನ ಮೇಲೆ ಪುಡಿ ಚೆಲ್ಲಿತ್ತು. ಪಂಚರಲ್ಲಿ ಒಬ್ಬ ಚಿಟಿಕೆ ಎತ್ತಿ ಮೂಸಿ ನೋಡಿ, “ಮಸಾಲಿ ಪುಡಿ ನೋಡ್ರಿ, ಹಬ್ಬಕ್ಕ ಕುಟ್ಟಿದ್ದು” ಅಂದ. ಹಾಗೇ ಬರೆದುಕೊಂಡರು. ಅಜವಾನ, ಶುಂಠಿ, ಇಂಗು, ಕರಿ ಉಪ್ಪಿನ ವಾಸನೆ ನಾನು ನಿಂತಲ್ಲಿಗೇ ಹೊಡೆಯುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಸುಮ್ಮನೆ ನಿಂತೆ. ಅಲ್ಲಿಂದ ಹಾಗೇ ತಂಬೂರಿಗೆ ನಡೆದು ಎಮ್ಮೆಗೆ ಬೇರೆ ಪುಡಿ ಕೊಟ್ಟು ಬಂದೆ.

ಠಾಣೆಯವರು ಕಾಗದ ಕೇಳಿದರು. ಮನೆಗೆ ಬಂದು ಘಟ ಇಳಿಸಿ ಟ್ರಂಕು ತೆಗೆದೆ. ವಿಮೆ ಮುಗಿದು ಐದು ದಿನ ಆಗಿತ್ತು. ಅವ್ವ ಬಾಗಿಲಲ್ಲೇ ನಿಂತು, “ಅದರಾಗ ಅಂಥಾದ್ದಿತ್ತು ಅಂತ ನನಗೇನ ಗೊತ್ತು? ಹೇಳಬಾರದಾ?” ಅಂದಳು. ಹೇಳಿದ್ದೆನಲ್ಲ ಅಂತ ಜಗಳ ತೆಗೆಯಬಹುದಿತ್ತು. ಅವಳ ಮುಖ ನೋಡಿ ಬಿಟ್ಟೆ.

ಮೊದಲ ಕೇಸು ಬೇಗ ಮುಗಿಯಿತು. ಮಾಸ್ತರನ ಮೇಲೆ ಬೇಜವಾಬ್ದಾರಿಯಿಂದ ಗಾಡಿ ಓಡಿಸಿದ್ದು, ನನ್ನ ಮೇಲೆ ವಿಮೆ ಇಲ್ಲದ ಗಾಡಿಯನ್ನು ಬೇರೆಯವನಿಗೆ ಓಡಿಸಲು ಕೊಟ್ಟದ್ದು. ನಾನು ಆವರೆಗೆ, ವ್ಯಾಳೆ ಬಂದಾಗ ಗಾಡಿ ಕೊಡುವುದು ಒಳ್ಳೇತನ ಅಂದುಕೊಂಡಿದ್ದೆ. ಅದಕ್ಕೆ ಕಾಯ್ದೆಯಲ್ಲಿ ಒಂದು ಕಲಮು ಇದೆ, ಜೈಲೂ ಆಗಬಹುದು ಅಂತ ಆಗ ಗೊತ್ತಾಯಿತು. ಇಬ್ಬರೂ ತಪ್ಪು ಒಪ್ಪಿಕೊಂಡೆವು. ದಂಡ ಹಾಕಿ ಬಿಟ್ಟರು. ಮಾಸ್ತರನಿಗೆ ಇಲಾಖೆಯಿಂದ ನೋಟೀಸು ಬಂತು, ಕೈಕಾಲು ಹಿಡಿದು ಹೇಗೋ ಪಾರಾದ. ಗಾಡಿಯನ್ನು ಬ್ರೇಕ್ ಇನ್ಸ್‌ಪೆಕ್ಟರು ನೋಡಿ, ಜಾಮೀನು ಬರೆಸಿಕೊಂಡು ಬಿಡುವವರೆಗೆ ಎರಡು ತಿಂಗಳು ಹಿಡಿಯಿತು. ಅಷ್ಟು ದಿನ ಬಾಡಿಗೆ ಸೈಕಲ್ಲಿನ ಹಿಂದೆ ಕ್ಯಾನು ಕಟ್ಟಿಕೊಂಡು ತಿರುಗಿದೆ. ಏರು ಬಂದಲ್ಲಿ ಇಳಿದು ನೂಕಬೇಕು, ಕ್ಯಾನು ವಾಲಿದರೆ ತಂಪು ಹಾರಿಹೋಗುತ್ತದೆ. ಆ ಎರಡು ತಿಂಗಳಲ್ಲಿ ನಾನು ತಡವಾಗಿ ಮುಟ್ಟಿದ ಎಮ್ಮೆಗಳ ಲೆಕ್ಕ ರೈತರಿಗೆ ಇಂದಿಗೂ ನೆನಪಿದೆ, ಸಂತೆಯಲ್ಲಿ ಸಿಕ್ಕರೆ ಹೇಳುತ್ತಾರೆ.

ದಂಡ ಕಟ್ಟಿದೆ, ಗಾಡಿ ಬಿಡಿಸಿದೆ, ಮುಗೀತು ಅಂದುಕೊಂಡೆ. ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಹುಬ್ಬಳ್ಳಿಯ ಅಪಘಾತ ಪರಿಹಾರದ ಕೋರ್ಟಿನಿಂದ ನೋಟೀಸು ಬಂತು. ಅರ್ಜಿದಾರ ನಾಲಬಂದ ಚಾಚಾ. ಒಂದನೇ ಎದುರುದಾರ ಮಾಸ್ತರ, ಎರಡನೇ ಎದುರುದಾರ ನಾನು.

ಅರ್ಜಿ ಓದಿದೆ. ಪ್ಲಾಸ್ಟರ್ ಬಿಚ್ಚಿದಾಗ ಕಾಲು ಸೊಟ್ಟಗೆ ಕೂಡಿತ್ತು, ಎರಡು ಬೆರಳಷ್ಟು ಗಿಡ್ಡ ಆಗಿತ್ತು. ಮತ್ತೆ ಮುರಿದು, ರಾಡ್ ಹಾಕಿ ನೆಟ್ಟಗೆ ಕೂಡಿಸಬಹುದು, ರಾಡನ್ನು ಹೊರಗಿನಿಂದ ಕೊಂಡು ತರಬೇಕು ಅಂತ ಹುಬ್ಬಳ್ಳಿಯ ದವಾಖಾನೆಯಲ್ಲಿ ಹೇಳಿದ್ದರು. ಆ ಶಸ್ತ್ರಕ್ರಿಯೆಗೆ, ಕೂತು ಹೋದ ದುಡಿಮೆಗೆ ಪರಿಹಾರ ಬೇಕು ಅಂತ ಬರೆದಿತ್ತು. ಮೊತ್ತವನ್ನು ಎರಡೆರಡು ಸಲ ಓದಿದೆ. ಕಲಘಟಗಿಯಲ್ಲಿ ಮನೆ ಕಟ್ಟಬೇಕೆಂದು ಹಿಡಿದಿಟ್ಟಿದ್ದ ಜಾಗ ಮಾರಿದರೂ ಸಾಲುತ್ತದೋ ಇಲ್ಲವೋ.

ನಾನು ಹಿಡಿದ ವಕೀಲರು ಹಿರಿಯರು, ಅಗದಿ ನೆಟ್ಟನೆಯ ಮನುಷ್ಯ. ಕನ್ನಡಕ ಹಣೆಗೆ ಏರಿಸಿ ಹೇಳಿದರು.

“ನೋಡ್ರಿ, ವಿಮಾ ಇದ್ದಿದ್ರ ಕಂಪನಿಯವರು ಬಂದು ನಿಲ್ತಿದ್ರು, ನೀವು ಆರಾಮ ಮನ್ಯಾಗಿರಬಹುದಿತ್ತು. ವಿಮಾ ಇಲ್ಲ. ಹಿಂಗಾಗಿ ರೊಕ್ಕ ಯಾರು ಕೊಡಬೇಕು ಅನ್ನೂದೊಂದ ಪ್ರಶ್ನೆ. ಗಾಡಿ ಹೊಡದವ ಕೊಡಬೇಕು, ಅದು ಖರೆ. ಮಾಲಕನೂ ಕೊಡಬೇಕೇನು? ಆ ಮನಷ್ಯಾ ನಿಮ್ಮ ಕೆಲಸಕ್ಕ ಹೋಗಿದ್ರ ನೀವು ತಪ್ಪಿಸಿಕೊಳ್ಳಾಕ ಆಗೂದಿಲ್ಲ. ತನ್ನ ಕೆಲಸಕ್ಕ ಹೋಗಿದ್ರ ವಾದ ಮಾಡಾಕ ಜಾಗಾ ಐತಿ. ಅಕ್ಕಗ ಬನ್ನಿ ಕೊಡಾಕ ಹೋಗಿದ್ದ, ಹೌದಲ್ರಿ?”

“ಹೌದ್ರಿ.”

“ಮತ್ತೇನರ ಐತೇನು?”

ಅವರ ಮೇಜಿನ ಮೇಲೆ ಪಂಚನಾಮೆಯ ಪ್ರತಿ ಇತ್ತು. ಮಸಾಲೆ ಪುಡಿ ಅನ್ನುವ ಅಕ್ಷರ ನನಗೆ ತಲೆಕೆಳಗಾಗಿಯೂ ಕಾಣುತ್ತಿತ್ತು. ಸರಕಾರಿ ಔಷಧದ ಹೆದರಿಕೆ ಆಗ ಎಲ್ಲಿತ್ತು? ಅದು ಎಂದೋ ಹೋಗಿತ್ತು. ಈಗಿನದು ಜಾಗ ಹೋಗುವ ಹೆದರಿಕೆ.

“ಏನಿಲ್ಲರಿ” ಅಂದೆ.

ಕೋರ್ಟಿಗೆ ಕೊಡುವ ನನ್ನ ಲಿಖಿತ ಉತ್ತರ, ಅದಕ್ಕೆ ಅಲ್ಲಿ ಕೈಫಿಯತ್ತು ಅಂತಾರೆ, ಟೈಪಾಗಿ ಬಂತು. ಚಾಲಕನು ಕೇವಲ ತನ್ನ ಸ್ವಂತ ಕೆಲಸಕ್ಕಾಗಿ ವಾಹನ ಒಯ್ದಿದ್ದನೆಂದೂ, ಮಾಲಕನಿಗೂ ಆ ಪ್ರಯಾಣಕ್ಕೂ ಸಂಬಂಧವಿಲ್ಲವೆಂದೂ ಬರೆದಿತ್ತು. ಕೆಳಗೆ, ಮೇಲಿನದೆಲ್ಲ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯ ಅಂತ. ಸಹಿ ಮಾಡಿದೆ. ವಕೀಲರಿಗೆ ನಾನು ಹೇಳಿದ್ದಷ್ಟೇ ಗೊತ್ತು. ಪಾಪ ಅವರದಲ್ಲ.

ಆಮೇಲೆ ತಾರೀಖುಗಳು ಶುರುವಾದವು. ಒಂದು ತಾರೀಖಿಗೆ ಸಾಹೇಬರು ರಜೆ, ಒಂದಕ್ಕೆ ದವಾಖಾನೆಯ ಕಾಗದ ಬಂದಿಲ್ಲ, ಒಂದಕ್ಕೆ ಅವರ ವಕೀಲರು ಬೇರೆ ಕೋರ್ಟಿನಲ್ಲಿ. ತಪ್ಪು ಯಾರದೇ ಇರಲಿ ಗಾಯಾಳುವಿಗೆ ಮೊದಲು ಒಂದಿಷ್ಟು ಕೊಡಬೇಕು ಅನ್ನುವ ಹೊಸ ಕಲಮು ಆಗ ಬಂದಿತ್ತು. ನಾನು ಹೊಣೆಯೇ ಅಲ್ಲ ಅಂತ ಕೂತಿದ್ದರಿಂದ ಅದೂ ತಕರಾರಿಗೆ ಬಿತ್ತು. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ, ಇನ್ನೂ ಯಾರೂ ಗೆಲ್ಲದೆ ಸೋಲದೆ ಒಂದು ವರ್ಷ ಕಳೆಯಿತು. ಪ್ರತಿ ತಾರೀಖಿಗೂ ಚಾಚಾ ಒಂದು ಕೋಲು ಊರಿಕೊಂಡು ಬರುತ್ತಿದ್ದರು. ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರ್ ಕೇಳಿದರೆ, “ಡಾಕ್ಟರ್ರದೂ ನಂದೂ ಕೇಸೈತ್ರಿ” ಅನ್ನುತ್ತಿದ್ದರು, ಸೋಯಿರಿಕೆಯ ನಂಟು ಹೇಳಿದ ಹಾಗೆ.

ಮುಂದಿನ ಮಳೆಗಾಲದ ಮುಂಚೆ ಗಂಟಲು ಬೇನೆಯ ಲಸಿಕೆ ಹಾಕಲು ಊರಿನ ದನವೆಲ್ಲ ಕೂಡಿಸಿದ್ದೆವು. ಒಂದು ಹೋರಿ ಯಾರ ಕೈಗೂ ಸಿಗಲೊಲ್ಲದು. ಇಬ್ಬರು ಗಟ್ಟಿ ಹರೆಯದ ಹುಡುಗರು ಹಗ್ಗ ಹಿಡಿದು ನೆಲ ಉಜ್ಜಿದರು. ಚಾಚಾ ಕಟ್ಟೆಯ ಮೇಲೆ ಕೂತಿದ್ದವರು ಅಲ್ಲಿಂದಲೇ, “ಎದಿ ಸುತ್ತು ಸಡಲ ಆಗೇತಿ, ಹಿಂದಕ್ಕ ಸರಸ್ರಿ. ಹಾಂ, ಈಗ ಜಗ್ರಿ” ಅಂದರು. ಹೋರಿ ಬಿತ್ತು. ಅವರು ಅರಿವಿಲ್ಲದೆ ಮೊಣಕಾಲು ಊರಲು ಎದ್ದರು, ಮತ್ತೆ ಕೂತರು. ನಾನದನ್ನು ನೋಡಿದೆ, ಅವರಿಗೆ ಗೊತ್ತಾಗದಂತೆ ಸಿರಿಂಜಿನ ಕಡೆ ತಿರುಗಿದೆ.

ಕೆಲಸ ಮುಗಿದು ಕೈ ತೊಳೆಯುವಾಗ ಬಾಜು ಬಂದು ನಿಂತರು.

“ಡಾಕ್ಟರ್ರ, ಒಂದು ಮಾತು ಕೇಳಬೇಕಂತ ಭಾಳ ದಿನದಿಂದ ಇತ್ರಿ. ಆ ತಂಬೂರಿನ ಎಮ್ಮಿ ಉಳೀತೇನ್ರಿ?”

“ಯಾವ ಎಮ್ಮಿರಿ?”

“ಆವತ್ತು ಮಾಸ್ತರ ಪುಡಿ ಒಯ್ತಿದ್ರಲ್ರಿ. ಪೊಟ್ಟಣ ನನ್ನ ಮಾರಿ ಮ್ಯಾಲೇ ಒಡೀತು. ಅಜವಾನ, ಶುಂಠಿ, ಕರಿ ಉಪ್ಪು. ಮೆಲಕ ನಿಂತ ದನಕ್ಕ ಹಾಕೂ ಪುಡಿ, ನನಗ ಗೊತ್ತಿಲ್ಲೇನ್ರಿ? ಮಾಸ್ತರ ಮನ್ಯಾಗ ದನ ಎಲ್ಲೈತಿ? ನೀವ ಕಳಿಸಿದ್ದು ಅಂತ ಬಿದ್ದಲ್ಲೇ ತಿಳೀತು. ಅಯ್ಯ, ಯಾರದೋ ಎಮ್ಮಿಗೆ ಔಷಧ ಮುಟ್ಟಲಿಲ್ಲಲ್ಲ ಅಂತ ದವಾಖಾನ್ಯಾಗೂ ಅದ ನೆನಪಾಗ್ತಿತ್ತು.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂತ ಯಾರೂ ಅಂದಿರಲಿಲ್ಲ, ಆದರೂ ನನ್ನ ಕೈ ಅಲ್ಲಿಗೇ ಹೋಯಿತು.

“ಉಳೀತ್ರಿ ಚಾಚಾ. ಮರದಿನ ನಾನ ಹೋಗಿ ಕೊಟ್ಟೆ.”

“ಛಲೋ ಆತು ಬಿಡ್ರಿ.”

“ಇದನ್ನ ನಿಮ್ಮ ವಕೀಲರಿಗೆ ಹೇಳೀರೇನ್ರಿ?”

“ಎಮ್ಮಿ ಸುದ್ದಿ ಅವರಿಗ್ಯಾಕ್ರಿ? ಅವರು ಬರೇ ಕಾಲಿನ ಸುದ್ದಿ ಕೇಳ್ತಾರ.”

ಕೋಲು ಊರಿಕೊಂಡು ಹೋದರು. ಕಾಲು ಮುರಿದು ಬಿದ್ದವನಿಗೆ ಎಮ್ಮೆಯ ಚಿಂತೆ, ಎಮ್ಮೆಯ ಡಾಕ್ಟರನಿಗೆ ಜಾಗದ ಚಿಂತೆ. ನಾಚಿಕೆ ಆಯಿತು, ಅದನ್ನು ಬೇರೆ ಮಾತಿನಲ್ಲಿ ಹೇಳಲಾರೆ. ಆದರೂ ಎರಡು ವಾರ ತಡೆದೆ. ಒಂದು ದಿನ ಹೇಳೋಣ ಅನ್ನಿಸುತ್ತಿತ್ತು, ಮರುದಿನ ಆ ಜಾಗದ ಬೇಲಿಗೆ ನೆಟ್ಟ ಕಂಬ ಕಣ್ಣ ಮುಂದೆ ಬರುತ್ತಿತ್ತು. ನನ್ನ ಸಾಕ್ಷಿಯ ತಾರೀಖು ಹತ್ತಿರ ಬಂದಾಗ ಶಾಲೆ ಬಿಡುವ ಹೊತ್ತಿಗೆ ಹೋಗಿ ಮಾಸ್ತರನಿಗೆ ಹೇಳಿದೆ. ಪುಡಿಯ ಮಾತು ಹೇಳಿಬಿಡ್ತೇನಿ ಅಂದೆ.

ಅವ ಸೀಮೆಸುಣ್ಣದ ಕೈ ಝಾಡಿಸುತ್ತಿದ್ದವ ನಿಂತ.

“ಪೊಲೀಸರ ಮುಂದ ನಾ ಮಸಾಲಿ ಅಂತ ಬರಿಸೇನಿ. ನನ್ನ ಕೈಫಿಯತ್ತಿನಾಗೂ ಹಂಗ ಐತಿ. ಯಾರ ಸಲುವಾಗಿ ಬರಿಸಿದೆ?”

“ನನ್ನ ಸಲುವಾಗಿ.”

“ಅಂಥಾದ್ದನ್ನ ನೀನ ನಿಂತು ಸುಳ್ಳು ಅಂತ ಹೇಳ್ತಿ. ಸಾಲಿ ಮಾಸ್ತರ ಕೋರ್ಟಿನಾಗ ಸುಳ್ಳು ಬರಿಸಿದ ಅಂತ ಊರು ಆಡ್ಕೋಬೇಕು. ಹೇಳಾವ ಇದ್ರ ಆವತ್ತ ದವಾಖಾನ್ಯಾಗ ಹೇಳಬೇಕಾಗಿತ್ತಲೇ. ವರ್ಷಗಟ್ಟಲೆ ನನ್ನ ಸುಳ್ಳಿನ ನೆರಳಾಗ ಆರಾಮ ಕೂತು, ಈಗ ನಿನಗ ಬಿಸಲ ಬೇಕಾತೇನು?”

ಅವ ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನಿನ್ನ ಹೆಸರು ಬರದ ಹಾಗೆ ಹೇಳುತ್ತೇನೆ ಅಂದೆ, ಅದು ಆಗುವ ಮಾತಲ್ಲ ಅಂತ ನನಗೂ ಗೊತ್ತಿತ್ತು. ಅವ ಚೀಲ ಎತ್ತಿಕೊಂಡು, “ನಿಮ್ಮ ಇಷ್ಟರಿ” ಅಂದ. ಹತ್ತು ವರ್ಷದಲ್ಲಿ ಮೊದಲ ಸಲ ಅವ ನನಗೆ “ರಿ” ಹಚ್ಚಿದ. ಆಮೇಲೆ ಎಂದೂ ಅದನ್ನು ತೆಗೆಯಲಿಲ್ಲ, ಮುಂದೆ ವರ್ಗವಾಗಿ ಹೋಗುವ ದಿನವೂ “ಬರ್ತೇನ್ರಿ” ಅಂದೇ ಹೋದ.

ಸಾಕ್ಷಿಯ ದಿನ ಕಟಕಟೆ ಹತ್ತಿ ಪ್ರಮಾಣ ಮಾಡಿದೆ. ನಮ್ಮ ವಕೀಲರು ಹೆಸರು, ನೌಕರಿ ಕೇಳಿ ನಿರಾಳವಾಗಿ ಮುಂದಿನ ಪ್ರಶ್ನೆಗೆ ಬಂದರು. ಎದುರುದಾರ ಒಂದನೆಯವರು ಯಾರ ಕೆಲಸಕ್ಕಾಗಿ ಗಾಡಿ ಒಯ್ದಿದ್ದರು?

“ದೇವಿಕೊಪ್ಪದ ತನಕ ಅವನ ಕೆಲಸರಿ” ಅಂದೆ. “ಅಲ್ಲಿಂದ ತಂಬೂರಿನ ಹಾದಿ ಹಿಡಿದದ್ದು ನನ್ನ ಕೆಲಸಕ್ಕರಿ. ನಾನು ಒಂದು ಎಮ್ಮಿಗೆ ಔಷಧ ಕಳಿಸಿದ್ದೆ. ಪಂಚನಾಮ್ಯಾಗ ಮಸಾಲಿ ಪುಡಿ ಅಂತ ಐತಲ್ರಿ, ಅದು ಆ ಔಷಧ.”

ವಕೀಲರು ಕನ್ನಡಕ ಹಣೆಗೆ ಏರಿಸಿದರು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಕೇಳಿದರು.

“ಇದು ನಿಮ್ಮ ಕೈಫಿಯತ್ತಿನಲ್ಲಿ ಯಾಕಿಲ್ಲ?”

“ಹೇಳಿದ್ರ ನಾನೂ ರೊಕ್ಕ ಕೊಡಬೇಕಾಗ್ತದ ಅಂತ ಗೊತ್ತಿತ್ರಿ. ಅದಕ್ಕ ವಕೀಲರಿಗೆ ಹೇಳಲಿಲ್ಲ.”

“ಸತ್ಯ ಅಂತ ಸಹಿ ಮಾಡೀರಿ. ಸರಕಾರಿ ನೌಕರರು ನೀವು.”

“ಹೌದ್ರಿ.”

ಕಟುವಾಗಿ ನಾಲ್ಕು ಮಾತು ಅಂದರು, ಇನ್ನೊಮ್ಮೆ ಹೀಗೆ ಮಾಡಿದರೆ ಬಿಡುವುದಿಲ್ಲ ಅಂದರು. ತಲೆ ತಗ್ಗಿಸಿ ಕೇಳಿದೆ. ಹೊರಗೆ ಬಂದಮೇಲೆ ನಮ್ಮ ವಕೀಲರು, “ಸ್ಟಾಕ್‌ಮನ್ನರ, ಈಸಾಕ ಕಲಿಸಬೇಕಂತ ನಾ ನಿಂತಿದ್ದೆ, ನೀವು ಕಲ್ಲು ಕಟ್ಟಿಕೊಂಡು ಭಾವಿಗೆ ಜಿಗದ್ರಿ” ಅಂದರು. ಬೈದರೂ ಫೈಲು ಹಿಂದಿರುಗಿಸಲಿಲ್ಲ. ಮಾಸ್ತರ ಅದೇ ಜಗಲಿಯ ಇನ್ನೊಂದು ತುದಿಯಲ್ಲಿ ನಿಂತಿದ್ದ. ನಾನು ಆ ಕಡೆ ಹೋಗಲಿಲ್ಲ.

ಆಮೇಲೆ ವಾದ ಮಾಡಲು ಹೆಚ್ಚು ಉಳಿಯಲಿಲ್ಲ. ಎರಡು ತಿಂಗಳಲ್ಲಿ ಆದೇಶ ಆಯಿತು. ಗಾಡಿ ಹೊಡೆದವನೂ ಕೊಟ್ಟವನೂ ಕೂಡಿ ಪರಿಹಾರ ಕೊಡಬೇಕು. ಮಾಸ್ತರನ ಪಗಾರದಲ್ಲಿ ತಿಂಗಳಿಗಿಷ್ಟು ಹಿಡಿದರು. ನಾನು ಫಟಫಟಿ ಮಾರಿದೆ, ಜಾಗ ಮಾರಿದೆ, ನನ್ನ ಪಾಲನ್ನು ಒಂದೇ ಸಲ ಕೋರ್ಟಿನಲ್ಲಿ ತುಂಬಿದೆ.

ಚಾಚಾ ದುಡ್ಡಿನ ಚೆಕ್ಕು ಪಡೆಯುವ ದಿನ ನಾನೂ ಹುಬ್ಬಳ್ಳಿಗೆ ಹೋದೆ. ಹೋಗಲೇಬೇಕಾದ ಕೆಲಸ ಇರಲಿಲ್ಲ. ಖರೆ ಹೇಳಬೇಕೆಂದರೆ, ಅವರ ಬಾಯಿಂದ ಒಂದು ಒಳ್ಳೆಯ ಮಾತು ಕೇಳುವ ಆಸೆ ಇತ್ತು. ಇಷ್ಟೆಲ್ಲ ಕಳೆದುಕೊಂಡೆನಲ್ಲ, ಅಷ್ಟಾದರೂ ಸಿಕ್ಕೀತು ಅಂತ. ಬಸ್ ನಿಲ್ದಾಣದಲ್ಲಿ ಕಲಘಟಗಿ ಬಸ್ಸಿಗೆ ಕಾಯುತ್ತ ಕೂತಿದ್ದೆವು. ಇಬ್ಬರಿಗೂ ಚಹಾ ತಂದೆ.

“ಚಾಚಾ, ಇನ್ನ ರಾಡ್ ಹಾಕಿಸಿಬಿಡ್ರಿ. ದವಾಖಾನಿಗೆ ನಾನೂ ಬರ್ತೇನಿ.”

ಅವರು ಚಹಾ ಬಸಿಗೆ ಸುರಿದುಕೊಂಡು ಆರಿಸುತ್ತಿದ್ದರು.

“ಸಿಟ್ಟಾಗಬ್ಯಾಡ್ರಿ ಡಾಕ್ಟರ್ರ.”

“ಇಲ್ಲ, ಹೇಳ್ರಿ.”

“ದವಾಖಾನಿಗೆ ಹೋಗಿ ಬಂದೆರಿ, ಹೋದ ವಾರ. ಫೋಟೋ ತಗದು ನೋಡಿದ್ರು. ಎಲುವು ಸೊಟ್ಟನ ಗಟ್ಟಿ ಆಗಿಬಿಟ್ಟೈತಂತ, ಈ ವಯಸ್ಸಿನಾಗ ಇನ್ನ ಮುರಿಯೂದು ಬ್ಯಾಡ ಅಂದ್ರು. ವರ್ಷದ ಹಿಂದ ಬಂದಿದ್ರ ಆಗ್ತಿತ್ತಂತ.” ಬಸಿ ಕೆಳಗಿಟ್ಟರು. “ನಮ್ಮ ವಕೀಲರೂ ಹೇಳಿದ್ರು, ಆ ಪುಡಿ ಮಾತು ಮೊದಲನೇ ತಾರೀಖಿಗೇ ಬಂದಿದ್ರ ಆವಾಗ ರೊಕ್ಕ ಬರ್ತಿತ್ತು ಅಂತ. ನನಗೂ ತಿಳೀಲಿಲ್ಲ ನೋಡ್ರಿ, ತಿಳದಿದ್ರ ನಾನ ಹೇಳ್ತಿದ್ದೆ. ನಿಮಗ ತಿಳದಿತ್ತು.”

ಸಿಟ್ಟಿನಿಂದ ಹೇಳಲಿಲ್ಲ. ಎತ್ತಿನ ಗೊರಸು ನೋಡಿ ಇದು ಹೀಗೆ ಸವೆದಿದೆ ಅಂತ ಹೇಳುವ ಧ್ವನಿಯಲ್ಲೇ ಹೇಳಿದರು. ನಾನು “ಹೌದ್ರಿ” ಅಂದೆ.

ಬಸ್ಸು ಬಂತು. ಜನ ನುಗ್ಗಿದರು. ಗದ್ದಲ ಕಡಿಮೆಯಾಗುವವರೆಗೆ ನಿಂತು, ನಾನು ಮೊದಲು ಹತ್ತಿ ಬಾಗಿಲಲ್ಲಿ ತಿರುಗಿ ಅವರಿಗೆ ಕೈ ಕೊಟ್ಟೆ. ಅವರು ಕೋಲನ್ನು ಬಗಲಿಗೆ ಸಿಗಿಸಿ ನನ್ನ ಕೈ ಹಿಡಿದುಕೊಂಡರು, ಹಿಡಿಯದೆ ಅವರಿಗೆ ಹತ್ತಲು ಬರುತ್ತಿರಲಿಲ್ಲ.